ಲಾಕ್‌ಡೌನ್ ಕಾಲದ ಹಳ್ಳಿ ಮತ್ತು ರಾಜಕೀಯ: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ ಜಿಲ್ಲೆಯ ಒಂದು ಹೋಬಳಿಯಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿ ಇದೆ. ಬೋರ್ಡಲ್ಲಿ ಜೆರಾಕ್ಸ್ ಅಂತ ಇದ್ದರೂ ಪಹಣಿ ತೆಗೆಯೋದು, ಅರ್ಜಿ ಹಾಕೋದು, ಕರೆಂಟ್ ಬಿಲ್ ಕಟ್ಟೋದು ಎಲ್ಲ ಅಲ್ಲೇ. 2020ರಲ್ಲೂ 2021ರಲ್ಲೂ ಲಾಕ್‌ಡೌನ್ ಪರಿಹಾರಕ್ಕೆ ಸುತ್ತಲ ಹಳ್ಳಿಯವರು ಅರ್ಜಿ ಹಾಕಿಸಿದ್ದು ಇಲ್ಲೇ, ಅರ್ಧ ಷಟರ್ ಎತ್ತಿಟ್ಟು, ಒಬ್ಬೊಬ್ಬರನ್ನೇ ಒಳಗೆ ಬಿಟ್ಟುಕೊಂಡು. ಆಗಿನ ಕಥೆಯನ್ನು ಜನ ಈಗಲೂ ಕೇಳುತ್ತಾರೆ. ಕಾಲೇಜು ಹುಡುಗರು ಪ್ರಾಜೆಕ್ಟಿಗೆ ಅಂತ, ಊರವರು ಅರಳಿಕಟ್ಟೆ ಜಗಳಕ್ಕೆ ಅಂತ. ಹೇಳಿದ್ದನ್ನೇ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ನಾನು ಯಾವ ಪಕ್ಷದವನೂ ಅಲ್ಲ. ಹಾಗಂತ ಬಾಯಿಗೆ ಬೀಗ ಹಾಕಿಕೊಂಡವನೂ ಅಲ್ಲ.

ಒಟ್ಟು ಎಷ್ಟು ಲಾಕ್‌ಡೌನ್ ಆಯಿತು? ಎಲ್ಲಾ ಕಲಸಿ ಹೋಗಿದೆ.

ಎಲ್ಲರಿಗೂ ಕಲಸಿ ಹೋಗಿದೆ ಬಿಡಿ. 2020ರ ಮಾರ್ಚ್ 22ಕ್ಕೆ ಜನತಾ ಕರ್ಫ್ಯೂ, ತಟ್ಟೆ ಬಡಿದದ್ದು. ಮಾರ್ಚ್ 24ರ ರಾತ್ರಿ 8ಕ್ಕೆ ಪ್ರಧಾನಿ ಭಾಷಣ, 25ರಿಂದ 21 ದಿನ ಇಡೀ ದೇಶ ಬಂದ್. ಅದು ಏಪ್ರಿಲ್ 14ಕ್ಕೆ ಮುಗಿಯಬೇಕಿತ್ತು. ಮೇ 3ಕ್ಕೆ ಹೋಯಿತು, ಆಮೇಲೆ 17ಕ್ಕೆ, ಆಮೇಲೆ 31ಕ್ಕೆ. ಇದು ಮೊದಲ ಸುತ್ತು.

ಎರಡನೆಯದು ರಾಜ್ಯ ಸರ್ಕಾರ ಹಾಕಿದ್ದು. 2021ರ ಏಪ್ರಿಲ್ 27ರ ರಾತ್ರಿಯಿಂದ ಶುರು, ಮೇ 10ರಿಂದ ಬಿಗಿ, ಜೂನ್ 14ರ ತನಕ ಎಳೆಯಿತು. ಆಮೇಲೆ ಕೆಲವು ಜಿಲ್ಲೆಗಳಲ್ಲಿ ಸಡಿಲ, ಕೆಲವು ಕಡೆ ಇನ್ನೂ ಒಂದಷ್ಟು ದಿನ. ಬೆಳಿಗ್ಗೆ 6ರಿಂದ 10ರವರೆಗೆ ಅಂಗಡಿ ಅಂತ ಇತ್ತಲ್ಲ, ಅದು ಈ ಸಲದ್ದು. 2022ರ ಜನವರಿಯಲ್ಲಿ ವಾರಾಂತ್ಯದ ಕರ್ಫ್ಯೂ ಸ್ವಲ್ಪ ದಿನ ಇತ್ತು. ಅದನ್ನು ಲಾಕ್‌ಡೌನ್ ಲೆಕ್ಕಕ್ಕೆ ಹಿಡಿಯೋದು ಬೇಡ.

ಕೃಷಿಗೆ ವಿನಾಯಿತಿ ಇತ್ತಲ್ಲ, ಮತ್ತೆ ರೈತರಿಗೆ ಏನು ಕಷ್ಟ?

ಪಟ್ಟಣದವರು ತಪ್ಪದೆ ಕೇಳುವ ಪ್ರಶ್ನೆ ಇದು. ಹೌದು, ಹೊಲಕ್ಕೆ ಹೋಗಬಹುದಿತ್ತು. ಬಿತ್ತಬಹುದಿತ್ತು, ಕೊಯ್ಯಬಹುದಿತ್ತು, ಎಪಿಎಂಸಿ ಕೂಡ ತೆರೆದಿತ್ತು. ಆದರೆ ಕೊಯ್ದದ್ದನ್ನು ಯಾರು ತಗೋಬೇಕು? ಹೋಟೆಲಿಲ್ಲ, ಮದುವೆ ಇಲ್ಲ, ಜಾತ್ರೆ ಇಲ್ಲ, ಹೊರರಾಜ್ಯದ ಲಾರಿ ಬರೋದು ಅನುಮಾನ.

ಹೂವಿನವರ ಪಾಡು ನೋಡಿ. 2020ರಲ್ಲಿ ಯುಗಾದಿ ಬಿದ್ದದ್ದೇ ಮಾರ್ಚ್ 25ಕ್ಕೆ. ಅಂದರೆ ಲಾಕ್‌ಡೌನಿನ ಮೊದಲ ದಿನಕ್ಕೆ! ಕೋಲಾರ, ಚಿಕ್ಕಬಳ್ಳಾಪುರ ಕಡೆ ಹೂ ಹಾಕುವವರು ಯುಗಾದಿ, ರಾಮನವಮಿ, ಕರಗ, ಊರಜಾತ್ರೆ, ಮದುವೆ ಸೀಸನ್ ಇದನ್ನೆಲ್ಲ ಲೆಕ್ಕ ಹಾಕಿಯೇ ನಾಟಿ ಮಾಡಿರುತ್ತಾರೆ. ಪಕ್ಕದ ಹಳ್ಳಿಯ ಒಬ್ಬರು ಮುಕ್ಕಾಲು ಎಕರೆಗೆ ಚೆಂಡುಹೂ ಹಾಕಿದ್ದರು. ಬೆಂಗಳೂರಿನ ಮಾರ್ಕೆಟ್ ಮುಚ್ಚಿತು. ಮೊದಲ ವಾರ ಗಿಡದ ಮೇಲೇ ಬಿಟ್ಟರು. ಎರಡನೇ ವಾರ ಹೂ ಬಲಿತು ತೊಟ್ಟು ಬಾಗಿ ಕಪ್ಪಾಗತೊಡಗಿತು. ಗಿಡದ ಮೇಲೆ ಒಣಗಿದರೆ ಮುಂದಿನ ಮೊಗ್ಗೂ ಹಾಳು, ಹಾಗಾಗಿ ಕೂಲಿ ಕೊಟ್ಟು ಕೀಳಿಸಿ ಬದುವಿಗೆ ಸುರಿಸಿದರು. ಮಾರೋಕಲ್ಲ, ಎಸೆಯೋಕೆ ಕೂಲಿ. ಏಪ್ರಿಲ್ ಮಧ್ಯಕ್ಕೆ ಟ್ರ್ಯಾಕ್ಟರ್ ಕರೆಸಿ ರೋಟವೇಟರ್ ಹೊಡೆಸಿಬಿಟ್ಟರು. ಅವತ್ತು ಅಂಗಡಿಗೆ ಬಂದವರು ಹೂವಿನ ಬಗ್ಗೆ ಒಂದು ಮಾತೂ ಆಡಲಿಲ್ಲ, "ಮೊಬೈಲಿಗೆ ಕರೆನ್ಸಿ ಹಾಕು" ಅಂದರು ಅಷ್ಟೇ.

ಟೊಮ್ಯಾಟೊದವರು ಬಾಕ್ಸ್ ತುಂಬಿಸಿ ಮಂಡಿಗೆ ಕಳಿಸಿ, ಬಂದ ರೇಟಿನಲ್ಲಿ ಕೊಯ್ಲಿನ ಕೂಲಿ, ಗಾಡಿ ಬಾಡಿಗೆ ಕಳೆದರೆ ಕೈಗೆ ಏನೂ ಇಲ್ಲ ಅನ್ನೋ ಸ್ಥಿತಿ. ಉಳಿಸಿದ್ದು ಹಾಲು. ಡೇರಿ ಒಂದು ದಿನವೂ ಬಾಗಿಲು ಹಾಕಲಿಲ್ಲ. ಮಾರಾಟ ಬಿದ್ದು ಹಾಲು ಮಿಕ್ಕಾಗ ಸರ್ಕಾರವೇ ಕೊಂಡು ಪಟ್ಟಣದ ಬಡವರಿಗೆ ಪುಕ್ಕಟೆ ಹಂಚಿತು. ಎರಡು ಹಸು ಇದ್ದವನು ಬದುಕಿದ. ಇಲ್ಲದವನು ಕೂಲಿ ಹುಡುಕಿಕೊಂಡು ಹೊರಟ.

ಪರಿಹಾರ ಅಂತ ಘೋಷಣೆ ಆಗಿದ್ದು ಎಷ್ಟು?

ಮೊದಲ ಸಲ, 2020ರ ಮೇ 6ರಂದು, ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ 1,610 ಕೋಟಿಯ ಪ್ಯಾಕೇಜ್ ಘೋಷಿಸಿದರು. ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ, ಅದೂ ಒಂದು ಹೆಕ್ಟೇರಿಗೆ ಮಾತ್ರ. ಕ್ಷೌರಿಕರು, ಮಡಿವಾಳರು, ಆಟೊ ಟ್ಯಾಕ್ಸಿ ಚಾಲಕರಿಗೆ ಒಂದೇ ಸಲ 5,000. ಕಟ್ಟಡ ಕಾರ್ಮಿಕರಿಗೆ ಮೊದಲು ಕೊಟ್ಟ 2,000ದ ಜೊತೆ ಇನ್ನೂ 3,000. ಕೈಮಗ್ಗದವರಿಗೆ 2,000. ಆಮೇಲೆ ಹಣ್ಣು ತರಕಾರಿಗೆ ಹೆಕ್ಟೇರಿಗೆ 15,000, ಮೆಕ್ಕೆಜೋಳದವರಿಗೆ ತಲಾ 5,000 ಸೇರಿತು.

2021ರ ಮೇನಲ್ಲಿ ಪ್ಯಾಕೇಜ್ 1,250 ಕೋಟಿ. ಹೂವಿಗೂ ಹಣ್ಣು ತರಕಾರಿಗೂ ಹೆಕ್ಟೇರಿಗೆ 10,000, ಚಾಲಕರಿಗೆ 3,000, ಕ್ಷೌರಿಕರು ದರ್ಜಿಗಳು ಮುಂತಾದವರಿಗೆ 2,000. ಜೂನ್ ಶುರುವಿನಲ್ಲಿ ಇನ್ನೊಂದು 500 ಕೋಟಿ.

ಹೆಕ್ಟೇರು ಅಂದರೆ ಸುಮಾರು ಎರಡೂವರೆ ಎಕರೆ ಅನ್ನೋದು ನೆನಪಿರಲಿ. 25,000 ಅಂತ ಪೇಪರಿನಲ್ಲಿ ಓದಿದವನಿಗೆ ಎಕರೆಗೆ ಬರೋದು 10,000. ಎರಡನೇ ವರ್ಷ ಎಕರೆಗೆ 4,000. ಆ ಚೆಂಡುಹೂವಿನವರ ಮುಕ್ಕಾಲು ಎಕರೆಗೆ ಲೆಕ್ಕ ಹಾಕಿದರೆ ಮೊದಲ ವರ್ಷ 7,500. ಅದೂ ಬಂದಿದ್ದರೆ.

ಬಂದಿದ್ದರೆ ಅಂದರೆ? ಬರಲಿಲ್ವಾ?

ಬರಲಿಲ್ಲ. ಅವರು ಮಾಡುತ್ತಿದ್ದದ್ದು ಗುತ್ತಿಗೆ ಜಮೀನು. ಪಹಣಿ ಇರೋದು ಬೆಂಗಳೂರಿನಲ್ಲಿರುವ ಮಾಲೀಕರ ಹೆಸರಲ್ಲಿ. ಪರಿಹಾರ ಹೋಗೋದು ಬೆಳೆ ಸಮೀಕ್ಷೆಯಲ್ಲಿ ಯಾವ ಸರ್ವೆ ನಂಬರಿಗೆ ಯಾವ ಬೆಳೆ ಅಂತ ದಾಖಲಾಗಿದೆಯೋ ಅದರ ಪ್ರಕಾರ, ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ. ಗುತ್ತಿಗೆ ಮಾತು ಬಾಯಲ್ಲಿ ಆದದ್ದು, ಪತ್ರ ಇಲ್ಲ. ಬೀಜ, ಗೊಬ್ಬರ, ಔಷಧಿ ಎಲ್ಲ ಇವರದು. ದಾಖಲೆಯಲ್ಲಿ ಇವರು ಇಲ್ಲವೇ ಇಲ್ಲ.

ಇಡೀ ಲಾಕ್‌ಡೌನ್ ಬಗ್ಗೆ ನನಗೆ ಅರ್ಥವಾದದ್ದು ಇದೊಂದೇ: ದುಡ್ಡು ಇತ್ತು, ಇಲ್ಲ ಅಂತಲ್ಲ. ಅದು ಹಸಿವು ನೋಡಿಕೊಂಡು ಹೋಗಲಿಲ್ಲ, ಪಟ್ಟಿ ನೋಡಿಕೊಂಡು ಹೋಯಿತು. ಯಾರ ಹೆಸರು ಪಟ್ಟಿಯಲ್ಲಿ ಇರಬೇಕು ಅನ್ನೋದೇ ಹಳ್ಳಿಯ ನಿಜವಾದ ರಾಜಕೀಯ.

ಕ್ಷೌರದ ಅಂಗಡಿಯ ಅಣ್ಣನದ್ದೂ ಇದೇ ಕಥೆ. ಸರ್ಕಾರದ ಆನ್‌ಲೈನ್ ಪೋರ್ಟಲ್ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬೇಕಿತ್ತು. ಬಿಪಿಎಲ್ ಕಾರ್ಡು ಬೇಕು, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಬೇಕು, ಈ ಕಸುಬು ಮಾಡುತ್ತಿದ್ದಾನೆ ಅಂತ ಪ್ರಮಾಣಪತ್ರ ಬೇಕು. ಮೂವತ್ತು ವರ್ಷದಿಂದ ಇಡೀ ಊರಿನ ತಲೆ ಅವನ ಕೈಯಲ್ಲೇ ಹೋಗಿದೆ, ಸಹಿ ಹಾಕಬೇಕಾದವರ ತಲೆಯೂ ಸೇರಿ. ಆದರೂ ಆ ಸಹಿಗೆ ಮೂರು ಸಲ ಓಡಾಡಿದ. ಕೊನೆಗೆ ನನ್ನ ಮುಂದೆ ಸ್ಟೂಲ್ ಮೇಲೆ ಕೂತ. ಒಟಿಪಿ ಬರಬೇಕು. ಒಳಗೆ ಸಿಗ್ನಲ್ ಇಲ್ಲ, ಮೊಬೈಲ್ ಹಿಡಿದುಕೊಂಡು ರಸ್ತೆಗೆ ಓಡಿದ. ಅಲ್ಲಿಂದ ನಂಬರು ಕೂಗಿ ಹೇಳುವಷ್ಟರಲ್ಲಿ ಇಲ್ಲಿ ಟೈಮ್ ಮುಗಿಯಿತು. ಹೀಗೇ ನಾಲ್ಕು ಸಲ. ಐದನೇ ಸಲಕ್ಕೆ ಅವನ ಮಗಳನ್ನು ಬಾಗಿಲಲ್ಲಿ ನಿಲ್ಲಿಸಿ, ಅವಳು ಅಪ್ಪ ಕೂಗಿದ ನಂಬರನ್ನು ನನಗೆ ದಾಟಿಸಿ, ಅಂತೂ ಆಯಿತು. ಅವನಿಗೆ 5,000 ಬಂತು, ಅದನ್ನೂ ಹೇಳಬೇಕು. ಆದರೆ ಅವನ ಅಂಗಡಿಯಲ್ಲೇ ಕುರ್ಚಿ ಬಾಡಿಗೆಗೆ ಕೆಲಸ ಮಾಡುತ್ತಿದ್ದ ಹುಡುಗನಿಗೆ ಬರಲಿಲ್ಲ. ಕಾರ್ಡು ಅವನ ಸ್ವಂತ ಊರಲ್ಲಿತ್ತು, ಬಸ್ಸಿರಲಿಲ್ಲ.

ರೇಷನ್ ಎಲ್ಲರಿಗೂ ಸಿಕ್ತಾ?

ಕಾರ್ಡ್ ಇದ್ದವರಿಗೆ ಸಿಕ್ಕಿತು, ಅದರಲ್ಲಿ ಅನುಮಾನ ಬೇಡ. ರಾಜ್ಯದ ಅಕ್ಕಿ ಎರಡು ತಿಂಗಳದ್ದು ಒಟ್ಟಿಗೆ ಕೊಟ್ಟರು. ಅದರ ಮೇಲೆ ಕೇಂದ್ರದ ಗರೀಬ್ ಕಲ್ಯಾಣ್ ಯೋಜನೆಯಲ್ಲಿ ತಲೆಗೆ ತಿಂಗಳಿಗೆ 5 ಕೆಜಿ, ಮನೆಗೆ 1 ಕೆಜಿ ಬೇಳೆ ಅಥವಾ ಕಾಳು, 2020ರ ಏಪ್ರಿಲ್‌ನಿಂದ ನವೆಂಬರ್ ತನಕ. 2021ರ ಮೇನಲ್ಲಿ ಪುಕ್ಕಟೆ ಧಾನ್ಯ ಮತ್ತೆ ಶುರುವಾಯಿತು. ಈ ಅಕ್ಕಿ ಇಲ್ಲದಿದ್ದರೆ ಹಳ್ಳಿಗಳಲ್ಲಿ ಆಗುತ್ತಿದ್ದುದೇ ಬೇರೆ.

ಬಿಟ್ಟುಹೋದವರು ಯಾರು ಅಂದರೆ, ಮದುವೆಯಾಗಿ ಬಂದ ಸೊಸೆ (ತವರಿನ ಕಾರ್ಡಿಂದ ಹೆಸರು ತೆಗೆಸಿರಲ್ಲ), ಆಮೇಲೆ ಹುಟ್ಟಿದ ಮಕ್ಕಳು, ಕಾರ್ಡಿಗೆ ಅರ್ಜಿ ಹಾಕಿ ಕಾಯುತ್ತಿದ್ದವರು, ಇಟ್ಟಿಗೆ ಗೂಡಿಗೆ ಬಂದ ಬೇರೆ ಜಿಲ್ಲೆ ಬೇರೆ ರಾಜ್ಯದವರು. ಕಾರ್ಡಿಲ್ಲದ ವಲಸೆಯವರಿಗೆ ಅಂತ ಆಮೇಲೆ ಎರಡು ತಿಂಗಳು 5 ಕೆಜಿ ಕೊಟ್ಟರು, ಅಷ್ಟರಲ್ಲಿ ಸುಮಾರು ಜನ ಊರು ಬಿಟ್ಟಾಗಿತ್ತು. ಇನ್ನೊಂದು, ಅಕ್ಕಿ ಬಂತು ಸರಿ, ಎಣ್ಣೆ ಸೋಪು ಮೆಣಸಿನಕಾಯಿಗೆ ದುಡ್ಡು ಬೇಕಲ್ಲ? ಆ ಮೂರು ತಿಂಗಳು ಜನಧನ್ ಖಾತೆಯ ಹೆಂಗಸರಿಗೆ ಬಂದ 500 ರೂಪಾಯಿಗೆ ಬ್ಯಾಂಕ್ ಮುಂದೆ ಸಾಲು ನಿಂತದ್ದು ಅದಕ್ಕೇ.

ಮುಖಂಡರು ಹಂಚಿದ ಫುಡ್ ಕಿಟ್ ಬಗ್ಗೆ ನಿಮ್ಮ ಅಭಿಪ್ರಾಯ?

ತಿಂದವರು ಬೈಯಬಾರದು ಅಂತಾರೆ. ನಾವೂ ಒಂದು ಕಿಟ್ ತಗೊಂಡಿದ್ದೆವು, ಹೇಳಿಬಿಡುತ್ತೇನೆ. ಅಕ್ಕಿ, ತೊಗರಿಬೇಳೆ, ಎಣ್ಣೆ, ಉಪ್ಪು, ಸಾಂಬಾರು ಪುಡಿ. ಚೀಲದ ಮೇಲೆ ಫೋಟೊ. ಎಲ್ಲ ಪಕ್ಷದವರೂ ಕೊಟ್ಟರು, ಎಲ್ಲರ ಚೀಲದ ಮೇಲೂ ಫೋಟೊ ಇತ್ತು. ಒಬ್ಬರಂತೂ ಮಾಸ್ಕ್ ಮೇಲೇ ಪಕ್ಷದ ಚಿಹ್ನೆ ಹಾಕಿಸಿದ್ದರು. ಮೂಗು ಮುಚ್ಚಿಕೊಂಡರೂ ಪ್ರಚಾರ.

ನನ್ನ ತಕರಾರು ಫೋಟೊ ಬಗ್ಗೆ ಅಲ್ಲ. ಕಿಟ್ ಯಾರಿಗೆ ಅನ್ನೋದನ್ನು ಬೂತ್ ಮಟ್ಟದ ಕಾರ್ಯಕರ್ತ ಬರೆದುಕೊಂಡು ಹೋದ. ಅವನ ಕೈಯಲ್ಲಿ ಇದ್ದದ್ದು ಮತದಾರರ ಪಟ್ಟಿ. ಓಟಿಲ್ಲದವನ ಮನೆ ಮುಂದೆ ಗಾಡಿ ನಿಲ್ಲಲಿಲ್ಲ. ಊರಾಚೆ ಗುಡಿಸಲು ಹಾಕಿಕೊಂಡಿದ್ದ ಕಲ್ಲು ಒಡೆಯುವ ಕುಟುಂಬಗಳಿಗೆ ಇಲ್ಲಿ ಓಟಿರಲಿಲ್ಲ. ಅವರಿಗೆ ಅನ್ನ ಹಾಕಿದ್ದು ಊರಿನ ನಾಲ್ಕೈದು ಮನೆಯ ಹೆಂಗಸರು, ಮುದ್ದೆ ಸಾರು ಪಾತ್ರೆಯಲ್ಲಿ ಹೊತ್ತುಕೊಂಡು ಹೋಗಿ. ಅದಕ್ಕೆ ಫೋಟೊ ಇಲ್ಲ.

ನಮ್ಮ ಎಂಪಿ ಆಗ ಅನುದಾನದಿಂದ ಏನೂ ಮಾಡಲಿಲ್ಲ ಯಾಕೆ?

ಈ ಒಂದು ವಿಷಯದಲ್ಲಿ ಅವರನ್ನು ಬೈಯಬೇಡಿ. ಸಂಸದರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 5 ಕೋಟಿ. ಅದನ್ನು 2020ರ ಏಪ್ರಿಲ್‌ನಲ್ಲಿ ಕೇಂದ್ರ ಎರಡು ವರ್ಷಕ್ಕೆ ನಿಲ್ಲಿಸಿತು, ಕೋವಿಡ್ ಖರ್ಚಿಗೆ ಅಂತ. 2021ರ ನವೆಂಬರ್‌ನಲ್ಲಿ ಮತ್ತೆ ಕೊಟ್ಟರು. ಬೇರೆ ಕಾರಣಕ್ಕೆ ಬೈಯೋದಾದರೆ ಅದು ನಿಮಗೆ ಬಿಟ್ಟದ್ದು.

ನರೇಗಾ ಕೆಲಸ ಆಗ ಜೋರಾಗಿ ನಡೀತು ಅಂತಾರೆ, ನಿಜಾನಾ?

ನಿಜ. 2020ರ ಏಪ್ರಿಲ್ 20ರ ನಂತರ ಕೆಲಸಕ್ಕೆ ಅನುಮತಿ ಸಿಕ್ಕಿತು. ಆ ವರ್ಷ ಕರ್ನಾಟಕದಲ್ಲಿ ದಿನಗೂಲಿ 249ರಿಂದ 275ಕ್ಕೆ ಏರಿತ್ತು. ಮೇನಲ್ಲಿ ಕೇಂದ್ರ ಇನ್ನೂ 40,000 ಕೋಟಿ ಕೊಡುತ್ತೇವೆ ಅಂತ ಹೇಳಿತು. ನಮ್ಮ ರಾಜ್ಯದಲ್ಲಿ ಬದು ನಿರ್ಮಾಣ, ಕೃಷಿ ಹೊಂಡ ಅಂತ ಅಭಿಯಾನವೇ ಆಯಿತು. ಬೆಂಗಳೂರಲ್ಲಿ ಎಸಿ ಮೆಕ್ಯಾನಿಕ್ ಆಗಿದ್ದ ಹುಡುಗ, ಸೆಕ್ಯೂರಿಟಿ ಕೆಲಸದವನು, ಒಬ್ಬ ಎಂಜಿನಿಯರಿಂಗ್ ಮುಗಿಸಿದವನು ಕೂಡ ಬದು ಹಾಕಲು ಬಂದರು. ಮೊದಲ ದಿನ ಅಂಗೈಯಲ್ಲಿ ಬೊಬ್ಬೆ. ಪಕ್ಕದಲ್ಲಿದ್ದ ಅಜ್ಜಿಯರು ಬಿದ್ದು ಬಿದ್ದು ನಕ್ಕರು.

ಒಂದು ಮಾತು. ಕೆಲಸ ಬೇಕು ಅಂತ ಬಾಯಲ್ಲಿ ಕೇಳಿದರೆ ಸಾಲದು. ನಮೂನೆ 6ರಲ್ಲಿ ಬರೆದು ಕೊಟ್ಟು ಸ್ವೀಕೃತಿ ಇಸ್ಕೊಳ್ಳಿ. ಆ ಚೀಟಿ ಇದ್ದರೆ ಮಾತ್ರ 15 ದಿನದೊಳಗೆ ಕೆಲಸ ಕೊಡದಿದ್ದಾಗ ನಿರುದ್ಯೋಗ ಭತ್ಯೆ ಕೇಳಬಹುದು. ಚೀಟಿ ಇಸ್ಕೊಂಡವರು ನಮ್ಮ ಕಡೆ ಬೆರಳೆಣಿಕೆ.

ಬೆಂಗಳೂರಿಂದ ಜನ ವಾಪಸ್ ಬಂದಾಗ ರಾಜಕೀಯ ಹೇಗಿತ್ತು?

2020ರ ಮೇ ತಿಂಗಳ ಮೊದಲ ವಾರ ನೆನಪಿಸಿಕೊಳ್ಳಿ. ಊರಿಗೆ ಹೋಗೋಕೆ ಬಸ್ ಬಿಡ್ತೀವಿ ಅಂದರು. ಮೆಜೆಸ್ಟಿಕ್‌ಗೆ ಗಂಟುಮೂಟೆ ಹೊತ್ತು ಬಂದವರಿಗೆ ಗೊತ್ತಾಗಿದ್ದು ಟಿಕೆಟ್ ದುಪ್ಪಟ್ಟಿಗೂ ಮೇಲೆ ಅಂತ. ತಿಂಗಳೊಪ್ಪತ್ತು ಕೂಲಿ ಇಲ್ಲದವರ ಹತ್ತಿರ! ಗಲಾಟೆಯಾಯಿತು. ಕೆಪಿಸಿಸಿ ಅಧ್ಯಕ್ಷ ಡಿ.ಕೆ. ಶಿವಕುಮಾರ್ ಕೆಎಸ್‌ಆರ್‌ಟಿಸಿಗೆ 1 ಕೋಟಿಯ ಚೆಕ್ ತೋರಿಸಿದರು, ಸರ್ಕಾರ ಉಚಿತ ಪ್ರಯಾಣ ಘೋಷಿಸಿತು. ರಾಜಕೀಯ ಮಾಡಿದರು ಅಂತ ಒಬ್ಬರು, ರಾಜಕೀಯ ಮಾಡಿದ್ದಕ್ಕೇ ಬಸ್ ಫ್ರೀ ಆಯಿತು ಅಂತ ಇನ್ನೊಬ್ಬರು. ನನ್ನನ್ನು ಕೇಳಿದರೆ, ಇಂಥ ರಾಜಕೀಯ ದಿನಾ ಮಾಡಲಿ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಗಾರೆ ಕೆಲಸದವರು ಮನೆ ಸೇರಿದರಲ್ಲ.

ಅದಾದ ಎರಡೇ ದಿನಕ್ಕೆ, ಮೇ 5ಕ್ಕೆ, ಬಿಲ್ಡರುಗಳ ಜೊತೆ ಮುಖ್ಯಮಂತ್ರಿ ಸಭೆ ಆಯಿತು. ಹೊರರಾಜ್ಯದ ಕಾರ್ಮಿಕರಿಗೆ ಅಂತ ಕೇಳಿದ್ದ ಶ್ರಮಿಕ್ ರೈಲು ಬೇಡ ಅಂತ ರಾಜ್ಯ ಪತ್ರ ಬರೆಯಿತು. ಕೆಲಸ ಶುರುವಾಗುತ್ತೆ, ಕೂಲಿಯವರು ಇಲ್ಲೇ ಇರಲಿ ಅನ್ನೋ ಲೆಕ್ಕ. ದೇಶದ ತುಂಬ ಟೀಕೆ ಬಂದ ಮೇಲೆ ಒಂದೆರಡು ದಿನದಲ್ಲಿ ರೈಲು ಮತ್ತೆ ಹೊರಟಿತು. ಹೋಗಬೇಕು ಅನ್ನುವವನನ್ನು ಕೇಳದೆ ಅವನ ರೈಲು ನಿಲ್ಲಿಸಿದ್ದು ಸಣ್ಣ ವಿಷಯ ಅಲ್ಲ.

ಊರಿಗೆ ಮುಳ್ಳು ಹಾಕಿ ರಸ್ತೆ ಬಂದ್ ಮಾಡಿದ್ದು ಸರೀನಾ?

ಕಾನೂನು ಪ್ರಕಾರ ಸಾರ್ವಜನಿಕ ರಸ್ತೆಗೆ ಊರವರು ಅಡ್ಡ ಹಾಕುವ ಹಾಗಿಲ್ಲ. ಆದರೂ ರಾಜ್ಯದ ತುಂಬ ಹಾಕಿದರು, ನಮ್ಮೂರಲ್ಲೂ ಜಾಲಿಮುಳ್ಳು, ಕಲ್ಲು, ಹಳೇ ಗಾಡಿ ಚಕ್ರ. ಹೆದರಿಕೆ ಅರ್ಥವಾಗುತ್ತೆ. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ಆಗಿದ್ದೇ ನಮ್ಮ ಕಲಬುರಗಿಯಲ್ಲಿ, ಟಿವಿಯಲ್ಲಿ ದಿನವಿಡೀ ಅದೇ. ಆದರೆ ಆ ಮುಳ್ಳು ಎಲ್ಲರಿಗೂ ಒಂದೇ ಥರ ಚುಚ್ಚಲಿಲ್ಲ. ಕಾರಲ್ಲಿ ಬಂದ ಮುಖಂಡರಿಗೆ ಹುಡುಗರೇ ಓಡಿಬಂದು ಸರಿಸಿದರು. ಅದೇ ಊರಿನ ಕೂಲಿಯವನು ಬೆಂಗಳೂರಿಂದ ನಡೆದು ಬಂದಾಗ ಎರಡು ರಾತ್ರಿ ಮಾವಿನ ತೋಪಿನಲ್ಲಿ ಮಲಗಿದ, ಹೆಂಡತಿ ದೂರದಲ್ಲಿ ಊಟ ಇಟ್ಟು ಹೋದಳು. ಹಸಿರು ವಲಯದ (ಆಗ ಕೋವಿಡ್ ಕೇಸಿಲ್ಲದ) ಜಿಲ್ಲೆ ನಮ್ಮದು, ಅಷ್ಟಾದರೂ.

ಲಾಕ್‌ಡೌನಲ್ಲಿ ರಾಜಕೀಯ ಚಟುವಟಿಕೆ ನಿಂತಿತ್ತು ಅಲ್ವಾ?

ಸಭೆ ಸಮಾರಂಭ ನಿಂತಿತ್ತು. ರಾಜಕೀಯ ಎಲ್ಲಿ ನಿಲ್ಲುತ್ತೆ? 2020ರ ಜೂನ್‌ನಲ್ಲಿ ರಾಜ್ಯಸಭೆಗೆ ನಾಲ್ಕು ಜನ ಅವಿರೋಧ ಆಯ್ಕೆಯಾದರು, ದೇವೇಗೌಡರು, ಖರ್ಗೆಯವರು, ಈರಣ್ಣ ಕಡಾಡಿ, ಅಶೋಕ್ ಗಸ್ತಿ. ಶಿವಕುಮಾರ್ ಮಾರ್ಚ್‌ನಲ್ಲೇ ನೇಮಕವಾದರೂ ಪದಗ್ರಹಣ ಮುಂದೂಡುತ್ತಾ ಬಂದು ಜುಲೈ 2ಕ್ಕೆ ಆಯಿತು, ವೇದಿಕೆ ಬೆಂಗಳೂರಲ್ಲಿ, ಪ್ರತಿಜ್ಞೆ ಸಾವಿರಾರು ಊರುಗಳಲ್ಲಿ ಪರದೆ ನೋಡಿಕೊಂಡು. ಹಳ್ಳಿ ಕಾರ್ಯಕರ್ತರು ಝೂಮ್ ಕಲಿತದ್ದು ಆಗಲೇ.

ರೋಗ ಮಾತ್ರ ಪಕ್ಷ ನೋಡಲಿಲ್ಲ. ಆಯ್ಕೆಯಾದ ಅಶೋಕ್ ಗಸ್ತಿ ಸೆಪ್ಟೆಂಬರ್ 17ಕ್ಕೆ ಕೋವಿಡ್‌ನಿಂದ ತೀರಿಕೊಂಡರು. 23ಕ್ಕೆ ಬೆಳಗಾವಿ ಸಂಸದ, ಕೇಂದ್ರ ಸಚಿವ ಸುರೇಶ್ ಅಂಗಡಿ. 24ಕ್ಕೆ ಬಸವಕಲ್ಯಾಣದ ಶಾಸಕ ನಾರಾಯಣರಾವ್. ಒಂದೇ ವಾರದಲ್ಲಿ ಮೂವರು.

ಆ ಹೊತ್ತಲ್ಲೇ ರೈತರ ಕಾಯ್ದೆ ಬದಲಾಯಿಸಿದರು ಅನ್ನೋದು?

ಎಪಿಎಂಸಿ ತಿದ್ದುಪಡಿ 2020ರ ಮೇನಲ್ಲಿ, ಭೂಸುಧಾರಣೆ ತಿದ್ದುಪಡಿ ಜುಲೈನಲ್ಲಿ, ಎರಡೂ ಸುಗ್ರೀವಾಜ್ಞೆ. ಅಂದರೆ ಸದನ ಸೇರದಿದ್ದಾಗ ರಾಜ್ಯಪಾಲರ ಸಹಿಯಿಂದ ಬರುವ ತಾತ್ಕಾಲಿಕ ಕಾನೂನು. ಸದನ ಸೇರಿದ ಮೇಲೆ ಆರು ವಾರದೊಳಗೆ ಅದು ಮಸೂದೆಯಾಗಿ ಪಾಸಾಗಬೇಕು.

ಭೂಸುಧಾರಣೆಯದ್ದು ಮುಖ್ಯ. 79ಎ, 79ಬಿ ಅಂತ ಎರಡು ಕಲಂ ಇತ್ತು. ಬೇರೆ ಮೂಲದಿಂದ ವರ್ಷಕ್ಕೆ 25 ಲಕ್ಷಕ್ಕಿಂತ ಜಾಸ್ತಿ ಆದಾಯ ಇರುವವರು, ಕೃಷಿಕರಲ್ಲದವರು, ಕೃಷಿ ಜಮೀನು ಕೊಳ್ಳೋ ಹಾಗಿರಲಿಲ್ಲ. ಅದನ್ನು ತೆಗೆದರು. ಸರ್ಕಾರದ ವಾದ ಏನಂದರೆ, ಆ ಕಲಂಗಳಿಂದ ಲಂಚ ಬೆಳೆದಿತ್ತೇ ಹೊರತು ಮಾರಾಟ ನಿಂತಿರಲಿಲ್ಲ. ಅದರಲ್ಲಿ ಸುಳ್ಳಿಲ್ಲ, ನನ್ನ ಅಂಗಡಿಯಲ್ಲೇ ಎಷ್ಟೋ ಪಹಣಿ ನೋಡಿದ್ದೇನೆ. ರೈತ ಸಂಘದವರ ಮಾತೂ ಅಷ್ಟೇ ಗಟ್ಟಿ: ಬೆಳೆ ಹೋಗಿ ಸಾಲ ಏರಿ ಕೂತಿರುವ ವರ್ಷವೇ ಬಾಗಿಲು ತೆಗೆದರೆ ಜಮೀನು ಹೋಗದೆ ಇರುತ್ತಾ?

ನನಗೆ ಕಾಯ್ದೆಗಿಂತ ತಂದ ಹೊತ್ತು ಸರಿ ಕಾಣಲಿಲ್ಲ. ಗುಂಪು ಸೇರಿದರೆ ಕೇಸು ಬೀಳುವ ಕಾಲ. ವಿರೋಧ ಮಾಡೋಕೆ ತಾಲ್ಲೂಕು ಕಚೇರಿ ಮುಂದೆ ಹತ್ತು ಜನ ದೂರ ದೂರ ನಿಂತು ಕೂಗಬೇಕಿತ್ತು. ಆದರೂ ಸೆಪ್ಟೆಂಬರ್ 28ಕ್ಕೆ ರಾಜ್ಯ ಬಂದ್ ಆಯಿತು. ಡಿಸೆಂಬರ್ 8ಕ್ಕೆ ವಿಧಾನ ಪರಿಷತ್ತಿನಲ್ಲಿ ಜೆಡಿಎಸ್ ಬೆಂಬಲದಿಂದ ಮಸೂದೆ ಪಾಸಾಯಿತು. ಕೇಂದ್ರದ ಮೂರು ಕೃಷಿ ಕಾಯ್ದೆಗಳು ಬೇರೆ, ಅವನ್ನು 2021ರ ನವೆಂಬರ್‌ನಲ್ಲಿ ವಾಪಸ್ ತಗೊಂಡರು. ಇವೆರಡನ್ನೂ ಸೇರಿಸಿ ಜಗಳ ಆಡಬೇಡಿ.

ಪಂಚಾಯ್ತಿ ಚುನಾವಣೆ ಯಾಕೆ ತಡ ಆಯಿತು?

2015ರಲ್ಲಿ ಆಯ್ಕೆಯಾದ ಸದಸ್ಯರ ಅವಧಿ 2020ರ ಮಧ್ಯಕ್ಕೆ ಮುಗಿಯಿತು. ಚುನಾವಣೆ ಮುಂದೆ ಹಾಕಿ ಆಡಳಿತಾಧಿಕಾರಿಗಳನ್ನು ಕೂರಿಸಿದರು. ಊರಿಗೆ ಅತಿ ಹೆಚ್ಚು ಬೇಕಾದ ಹೊತ್ತಲ್ಲೇ ಊರಿನ ಸದಸ್ಯ ಇರಲಿಲ್ಲ ಅನ್ನೋದು ಗಮನಿಸಿ. ಒಬ್ಬ ಅಧಿಕಾರಿಗೆ ಹಲವು ಪಂಚಾಯ್ತಿ, ಯಾರ ಮನೆಯಲ್ಲಿ ಒಲೆ ಉರಿದಿಲ್ಲ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಹೈಕೋರ್ಟ್ ಹೇಳಿದ ಮೇಲೆ ಡಿಸೆಂಬರ್ 22 ಮತ್ತು 27ಕ್ಕೆ ಮತದಾನ, 30ಕ್ಕೆ ಎಣಿಕೆ ಆಯಿತು.

ಆ ಚುನಾವಣೆಗೆ ಪಕ್ಷದ ಚಿಹ್ನೆ ಇರಲ್ಲ, ಪಕ್ಷ ಇದ್ದೇ ಇರುತ್ತೆ. ಕೆಲವು ಊರುಗಳಲ್ಲಿ ಸದಸ್ಯ ಸ್ಥಾನವನ್ನೇ ಹರಾಜು ಹಾಕಿದ ಸುದ್ದಿ ಬಂತು, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಅಂತ. ಚುನಾವಣಾ ಆಯೋಗ ಎಚ್ಚರಿಕೆ ಕೊಟ್ಟಿತು. ನಮ್ಮ ಕಡೆ ಹರಾಜು ಇರಲಿಲ್ಲ. ಬಾಡೂಟ ಇತ್ತು, ಮಾಸ್ಕ್ ಇರಲಿಲ್ಲ. ಮಾರ್ಚ್‌ನಲ್ಲಿ ಬಸ್ ಸಿಗದೆ ನಡೆದು ಬಂದವರಿಗೆ ಡಿಸೆಂಬರ್‌ನಲ್ಲಿ ಬೆಂಗಳೂರಿಗೇ ಗಾಡಿ ಕಳಿಸಿ ಕರೆಸಿದರು, ಓಟು ಹಾಕಿ ಹೋಗಿ ಅಂತ.

ಜಿಲ್ಲಾ, ತಾಲ್ಲೂಕು ಪಂಚಾಯ್ತಿದು ಇನ್ನೂ ಬೇಸರದ ಕಥೆ. ಅವಧಿ 2021ರಲ್ಲಿ ಮುಗಿದು, ಮೊದಲು ಕೋವಿಡ್ ಅಂತ, ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಅಂತ ವರ್ಷಗಟ್ಟಲೆ ಮುಂದೆ ಹೋಯಿತು.

ಎರಡನೇ ಅಲೆಗೆ ಉಪಚುನಾವಣೆ ಕಾರಣಾನಾ?

ಅದೊಂದೇ ಕಾರಣ ಅನ್ನೋಕಾಗಲ್ಲ. ಹೊಸ ತಳಿ ಡೆಲ್ಟಾ ಬಂದಿತ್ತು, ಜನರೂ ಮೈಮರೆತಿದ್ದರು, ಮದುವೆ ಜಾತ್ರೆ ಎಲ್ಲ ನಡೀತಿತ್ತು. ಆದರೆ 2021ರ ಏಪ್ರಿಲ್ 10ರಿಂದ ಪ್ರಮುಖ ನಗರಗಳಲ್ಲಿ ರಾತ್ರಿ ಕರ್ಫ್ಯೂ ಹಾಕಿ, 17ಕ್ಕೆ ಬೆಳಗಾವಿ, ಬಸವಕಲ್ಯಾಣ, ಮಸ್ಕಿಯಲ್ಲಿ ಮತದಾನ ಮಾಡಿಸಿದರು. ಮನೆ ಮನೆ ಪ್ರಚಾರಕ್ಕೆ ಐದೇ ಜನ ಅಂತ ನಿಯಮ. ಆ ಐದು ಜನರ ಹಿಂದೆ ಎಷ್ಟು ಜನ ಇದ್ದರು ಅಂತ ಟಿವಿ ನೋಡಿದವರಿಗೆ ಗೊತ್ತು.

ಫಲಿತಾಂಶ ಮೇ 2ಕ್ಕೆ. ಬೆಳಗಾವಿ, ಬಸವಕಲ್ಯಾಣ ಬಿಜೆಪಿಗೆ, ಮಸ್ಕಿ ಕಾಂಗ್ರೆಸ್‌ಗೆ. ಅದೇ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆ ನಡುವೆ 24 ಜನ ಸತ್ತರು. ಹಿಂದಿನ ವರ್ಷ ಇದೇ ಚಾಮರಾಜನಗರವೂ ಹಸಿರು ವಲಯದಲ್ಲಿತ್ತು.

ಆಶಾ ಕಾರ್ಯಕರ್ತೆಯರು ಆ ಹೊತ್ತಲ್ಲಿ ಮುಷ್ಕರ ಮಾಡಿದ್ದು ತಪ್ಪಲ್ವಾ?

ಯಾವ ಲೆಕ್ಕದಲ್ಲಿ ತಪ್ಪು? ಮನೆ ಮನೆಗೆ ಹೋಗಿ ಜ್ವರ ಕೇಳಿದವರು ಅವರು, ಬೈಸಿಕೊಂಡವರು ಅವರು. 2020ರ ಜುಲೈನಲ್ಲಿ ರಾಜ್ಯದ ಸುಮಾರು 42,000 ಆಶಾ ಕಾರ್ಯಕರ್ತೆಯರು ಕೇಳಿದ್ದು ತಿಂಗಳಿಗೆ 12,000 ಗೌರವಧನ, ಮಾಸ್ಕು, ಕೈಗವಸು. ಚಪ್ಪಾಳೆ ತಟ್ಟಿದ ನಾವು ಅದನ್ನೂ ಕೊಡಿಸಬಹುದಿತ್ತು.

ಮದ್ಯದಂಗಡಿ ಮೊದಲು ತೆಗೆದದ್ದು ಯಾಕೆ?

ಖಜಾನೆಗೆ. 2020ರ ಮೇ 4ಕ್ಕೆ ತೆಗೆದರು, ಮೊದಲ ದಿನವೇ 45 ಕೋಟಿ ವ್ಯಾಪಾರ. ಜನಧನ್ 500 ರೂಪಾಯಿ ಬಂದ ಮನೆಗಳಲ್ಲಿ ಅವತ್ತು ಸಂಜೆ ಏನಾಯಿತು ಅಂತ ಹೆಂಗಸರನ್ನು ಕೇಳಿ.

ವಿರೋಧ ಪಕ್ಷವಾದರೂ ನಿಯಮ ಪಾಲಿಸಿತಾ?

2022ರ ಜನವರಿ 9ಕ್ಕೆ, ವಾರಾಂತ್ಯದ ಕರ್ಫ್ಯೂ ಇರುವಾಗಲೇ, ಕಾಂಗ್ರೆಸ್ ಮೇಕೆದಾಟು ಅಣೆಕಟ್ಟು ಕಟ್ಟಬೇಕು ಅಂತ ಪಾದಯಾತ್ರೆ ಶುರು ಮಾಡಿತು. ಹೈಕೋರ್ಟ್ ಪ್ರಶ್ನೆ ಮಾಡಿತು, ಸರ್ಕಾರ ನಿಷೇಧಿಸಿತು, 13ಕ್ಕೆ ರಾಮನಗರದಲ್ಲಿ ನಿಲ್ಲಿಸಿದರು, ಫೆಬ್ರವರಿ 27ಕ್ಕೆ ಮತ್ತೆ ನಡೆದರು. ಪಾದಯಾತ್ರೆ ಶುರುವಾದ ಆ ಜನವರಿ 9ರ ಭಾನುವಾರವೇ ನಮ್ಮ ಹೋಬಳಿಯಲ್ಲಿ ಸೊಪ್ಪು ಮಾರುವ ಅಜ್ಜಿಗೆ ಕುಕ್ಕೆ ಎತ್ತು ಅಂತ ಗದರಿಸಿದರು. ಪಕ್ಷ ಯಾವುದಾದರೇನು.

ಕೋವಿಡ್‌ನಿಂದ ಸತ್ತವರ ಮನೆಗೆ ಪರಿಹಾರ ಇತ್ತಲ್ಲ?

ಇತ್ತು. ಬಿಪಿಎಲ್ ಕುಟುಂಬಕ್ಕೆ ರಾಜ್ಯದಿಂದ 1 ಲಕ್ಷ, ಸುಪ್ರೀಂ ಕೋರ್ಟ್ ಹೇಳಿದ ಮೇಲೆ ವಿಪತ್ತು ನಿಧಿಯಿಂದ 50,000. ಆದರೆ ಪಾಸಿಟಿವ್ ಅನ್ನೋ ವರದಿ ಬೇಕಿತ್ತು. ಪರೀಕ್ಷೆ ಆಗಿ 30 ದಿನದೊಳಗೆ ಸತ್ತರೆ ಮನೆಯಲ್ಲಿ ಸತ್ತರೂ ಲೆಕ್ಕಕ್ಕೆ ಬರುತ್ತಿತ್ತು. ಪರೀಕ್ಷೆಯೇ ಆಗದಿದ್ದರೆ?

2021ರ ಮೇನಲ್ಲಿ ನಮ್ಮ ಸುತ್ತ ಸತ್ತವರಲ್ಲಿ ಸುಮಾರು ಜನಕ್ಕೆ ಪರೀಕ್ಷೆ ಆಗಿರಲಿಲ್ಲ. ಜ್ವರ, ಮೂರು ದಿನ ಮಾತ್ರೆ, ನಾಲ್ಕನೇ ದಿನ ಉಸಿರು ಸಿಗಲಿಲ್ಲ. ಪಾಸಿಟಿವ್ ಬಂದರೆ ಎತ್ತಿಕೊಂಡು ಹೋಗ್ತಾರೆ, ಹೆಣವನ್ನೂ ಕೊಡಲ್ಲ ಅಂತ ಹೆದರಿ ಹೋಗಲಿಲ್ಲ. ಒಬ್ಬ ತಾಯಿ ಮಗನ ಮರಣ ಪ್ರಮಾಣಪತ್ರ, ಮೆಡಿಕಲ್ ಅಂಗಡಿಯ ಚೀಟಿ, ಖಾಲಿ ಮಾತ್ರೆಯ ಸ್ಟ್ರಿಪ್ ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಂಡು ಬಂದಿದ್ದರು. ಸ್ಟ್ರಿಪ್ ಮೇಲೆ ತೇದಿ ಇದೆಯಲ್ಲ, ಇದು ಸಾಕಾಗಲ್ವೇನಪ್ಪಾ ಅಂದರು. ಜಿಲ್ಲಾ ಸಮಿತಿಗೆ ಬರೆದು ಕೊಟ್ಟೆ. ಆಗಲಿಲ್ಲ.

ಮುಂದೆ ಇಂಥದ್ದು ಬಂದರೆ ಈಗಲೇ ಏನು ಮಾಡಿಟ್ಟುಕೊಳ್ಳಬೇಕು?

ರೇಷನ್ ಕಾರ್ಡಿಗೆ ಸೊಸೆ, ಮಕ್ಕಳ ಹೆಸರು ಸೇರಿಸಿ. ಆಧಾರ್ ಯಾವ ಬ್ಯಾಂಕ್ ಖಾತೆಗೆ ಜೋಡಿಸಿದೆ ಅಂತ ನೋಡಿಕೊಳ್ಳಿ, ಎಷ್ಟೋ ಜನರ ದುಡ್ಡು ಮರೆತೇಹೋದ ಖಾತೆಗೆ ಹೋಗಿ ಕೂತಿತ್ತು. ಆಧಾರ್‌ಗೆ ಕೊಟ್ಟ ಮೊಬೈಲ್ ನಂಬರ್ ಈಗಲೂ ನಿಮ್ಮ ಹತ್ತಿರ ಇರಲಿ. ಜಾಬ್ ಕಾರ್ಡ್ ಮಾಡಿಸಿ, ಕೆಲಸಕ್ಕೆ ಹೋಗದಿದ್ದರೂ ಸರಿ. ಗಾರೆ, ಬಣ್ಣ, ಸೆಂಟ್ರಿಂಗ್ ಕೆಲಸದವರು ಕಾರ್ಮಿಕ ಮಂಡಳಿಯ ಕಾರ್ಡ್, ಉಳಿದ ಕೂಲಿಯವರು ಇ-ಶ್ರಮ್ ಮಾಡಿಸಿ. ರೈತರು ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಮಾಡಿಸಿ, ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ನೀವೇ ಫೋಟೊ ಹಾಕಿ, ಸಮೀಕ್ಷೆಯವರು ರಸ್ತೆಯಲ್ಲೇ ನಿಂತು ರಾಗಿ ಅಂತ ಬರೆದುಕೊಂಡು ಹೋಗೋ ತನಕ ಕಾಯಬೇಡಿ.

ಗುತ್ತಿಗೆಗೆ ಮಾಡುವವರು ಒಂದು ಹಾಳೆಯಲ್ಲಾದರೂ ಬರೆಸಿಕೊಳ್ಳಿ. ಮಾಲೀಕರು ಬೇಡ ಅಂತಾರೆ, ಗೊತ್ತು. ಆ ಚೆಂಡುಹೂವಿನವರಿಗೂ ಬೇಡ ಅಂದರು. ಈ ವರ್ಷವೂ ಅದೇ ಮುಕ್ಕಾಲು ಎಕರೆಗೆ ಹಾಕಿದ್ದಾರೆ, ಬಾಯಿಮಾತಲ್ಲೇ.